ಮಕ್ಕಳ ಜೊತೆ ಸುತ್ತಾಟ: ಮೂರು ಗಂಟೆ, ಮುನ್ನೂರು ರೂಪಾಯಿ. ಆಗುತ್ತಾ?

ಇಬ್ಬರ ಅಮ್ಮ

ಹೋದ ಭಾನುವಾರದ ಕಥೆಯಿಂದಲೇ ಶುರು ಮಾಡುತ್ತೇನೆ. ನಮಗೆ ಇಬ್ಬರು ಮಕ್ಕಳು. ದೊಡ್ಡವನಿಗೆ ಏಳು, ಚಿಕ್ಕವಳಿಗೆ ನಾಲ್ಕು. ಇರುವುದು ಬೆಂಗಳೂರಿನಲ್ಲಿ. ಬೆಳಿಗ್ಗೆ ಹತ್ತಕ್ಕೆ ಮನೆ ಬಿಟ್ಟು ಒಂದು ಮಾಲ್‌ಗೆ ಹೋದೆವು. ಅಲ್ಲಿ ಮಕ್ಕಳ ಆಟದ ಜಾಗ ಇದೆ. ಒಳಗೆ ಹೋಗಲು ಒಂದು ಕಾರ್ಡು, ಕಾರ್ಡಿಗೆ ಕನಿಷ್ಠ ಇಷ್ಟು ಅಂತ ದುಡ್ಡು ತುಂಬಬೇಕು. ತುಂಬಿದೆವು. ಒಂದು ಗಂಟೆ ಆಡುವಷ್ಟರಲ್ಲಿ ಚಿಕ್ಕವಳಿಗೆ ಸಾಕಾಯಿತು. ಕಣ್ಣು ಉಜ್ಜಲು ಶುರು ಮಾಡಿದಳು. ಕಾರ್ಡಲ್ಲಿ ಇನ್ನೂ 340 ರೂಪಾಯಿ ಇತ್ತು. ವಾಪಸ್ ಕೊಡುವುದಿಲ್ಲವಂತೆ. ನಮ್ಮ ಯಜಮಾನರು, ‘ಇಷ್ಟು ಕೊಟ್ಟಿದೀವಿ, ವಸೂಲ್ ಮಾಡ್ಕೊಂಡೇ ಹೋಗೋಣ’ ಅಂದರು.

ಅಲ್ಲಿಗೆ ದಿನ ಹಾಳಾಯಿತು. ಆಡಲು ಇಷ್ಟವಿಲ್ಲದ ಮಗುವನ್ನು ಒಂದೊಂದೇ ಯಂತ್ರದ ಮುಂದೆ ನಿಲ್ಲಿಸಿದ್ದಾಯಿತು. ಆಮೇಲೆ ಹಸಿವು, ಫುಡ್ ಕೋರ್ಟ್, ಐಸ್ ಕ್ರೀಮು, ಬಲೂನಿಗೆ ಜಗಳ. ಪಾರ್ಕಿಂಗ್ ಸೇರಿ 2,850 ರೂಪಾಯಿ ಖರ್ಚು. ಮನೆ ಸೇರಿದಾಗ ಐದು ಗಂಟೆ. ಇಬ್ಬರೂ ಅಳುತ್ತಿದ್ದರು, ನನಗೂ ಅಳು ಬರುವಂತಿತ್ತು.

ಮರುದಿನ ಅಜ್ಜಿ ಫೋನಲ್ಲಿ ‘ಏನೇನು ಮಾಡಿದ್ಯೇ ಪುಟ್ಟಿ’ ಅಂತ ಕೇಳಿದರು. ಚಿಕ್ಕವಳು ಹೇಳಿದ್ದು ಒಂದೇ: ‘ಅಪ್ಪ ಕಾರ್ ಎಲ್ಲಿಟ್ಟಿದೀನಿ ಅಂತ ಮರ್ತೋಗಿದ್ರು. ನಾವೆಲ್ಲ ಹುಡುಕಿದ್ವಿ!’ ಅವಳಿಗೆ ಇಡೀ ದಿನದಲ್ಲಿ ನಿಜವಾಗಿ ಖುಷಿ ಆಗಿದ್ದು ನೆಲಮಾಳಿಗೆಯಲ್ಲಿ ಕಾರು ಹುಡುಕಿದ ಹತ್ತು ನಿಮಿಷ.

ಅದಕ್ಕೇ ಕೇಳುತ್ತಿದ್ದೇನೆ. ನಾಲ್ಕು ಜನ, ಮನೆ ಬಿಟ್ಟು ಮನೆ ಸೇರಲು ಮೂರು ಗಂಟೆ, ಸುಮಾರು 300 ರೂಪಾಯಿ. ತಿಂಡಿ ಸೇರಿ. ಆಗುತ್ತಾ? ನೀವು ನಿಜವಾಗಿ ಮಾಡಿರುವುದನ್ನೇ ಹೇಳಿ. ‘ಮಕ್ಕಳ ಜೊತೆ ಗುಣಮಟ್ಟದ ಸಮಯ’ ಅಂತ ಉಪದೇಶ ಬೇಡ ದಯವಿಟ್ಟು.

ಲೆಕ್ಕದ ಪುಸ್ತಕ

ನಿಮ್ಮ ಪೋಸ್ಟಿನಲ್ಲೇ ಉತ್ತರ ಇದೆ. ತಪ್ಪು ಮಾಲ್‌ದಲ್ಲ, ‘ವಸೂಲ್’ ಅನ್ನುವ ಪದದ್ದು. ಟಿಕೆಟ್ ಎಷ್ಟು ದುಬಾರಿಯೋ ಅಷ್ಟು ಹೊತ್ತು ಅಲ್ಲೇ ಇರಬೇಕು ಅನ್ನಿಸುತ್ತದೆ. ಅಷ್ಟು ಹೊತ್ತು ಇದ್ದರೆ ಮಗು ಸುಸ್ತಾಗುತ್ತದೆ. ಸುಸ್ತಾದ ಮಗುವಿಗೆ ಏನಾದರೂ ಕೊಡಿಸಿ ಸುಮ್ಮನಾಗಿಸಬೇಕು. ಅದು ಇನ್ನೊಂದು ಖರ್ಚು. ಬಿಟ್ಟಿ ಜಾಗದ ದೊಡ್ಡ ಲಾಭ ದುಡ್ಡು ಉಳಿಯುವುದಲ್ಲ. ಇಪ್ಪತ್ತೇ ನಿಮಿಷಕ್ಕೆ ಎದ್ದು ಬಂದರೂ ಹೊಟ್ಟೆ ಉರಿಯುವುದಿಲ್ಲ, ಅದು.

ನಾವು ಲಾಲ್‌ಬಾಗ್‌ಗೆ ಬೆಳಿಗ್ಗೆ ಏಳಕ್ಕೇ ಹೋಗುತ್ತೇವೆ. ಒಂಬತ್ತರ ಒಳಗೆ ವಾಕಿಂಗ್‌ಗೆ ಬರುವವರಿಗೆ ಟಿಕೆಟ್ ಇಲ್ಲ. ಇಡೀ ತೋಟ 240 ಎಕರೆ. ಎಲ್ಲಾ ನೋಡುವ ಆಸೆಯನ್ನು ಗೇಟಿನ ಹೊರಗೇ ಬಿಡಿ. ನಾವು ಒಂದು ಸಲಕ್ಕೆ ಒಂದೇ ಜಾಗ. ಒಂದು ಭಾನುವಾರ ಕೆರೆ. ಇನ್ನೊಂದು ಭಾನುವಾರ ಗಾಜಿನ ಮನೆ. ಮತ್ತೊಂದು ಸಲ ಕೆಂಪೇಗೌಡ ಗೋಪುರ ಇರುವ ಬಂಡೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ನನ್ನ ಮಗ ಅದರ ಮೇಲೆ ಕೂತು ‘ಇದು ಡೈನೋಸಾರ್‌ಗಿಂತ ಹಳೇದಾ?’ ಅಂತ ಕೇಳಿದ. ಹೌದು, ಎಷ್ಟೋ ಹಳೆಯದು. ಅವನು ತಕ್ಷಣ ಬೂಟು ಬಿಚ್ಚಿಟ್ಟ. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ದೇವಸ್ಥಾನ ಅಂದುಕೊಂಡನೋ ಏನೋ.

ಒಂಬತ್ತಕ್ಕೆ ಹೊರಗೆ. ದರ್ಶಿನಿಯಲ್ಲಿ ನಿಂತು ಇಡ್ಲಿ. ಹತ್ತಕ್ಕೆ ಮನೆ. ಉಳಿದ ಭಾನುವಾರ ಪೂರ್ತಿ ನಮ್ಮದು.

ತೇರುಬೀದಿ

ಎರಡು ಗಂಟೆಯಲ್ಲಿ ಹೋಗಿ ಬರುವುದನ್ನ ಸುತ್ತಾಟ ಅನ್ನುತ್ತಾರಾ? ನಾವು ಚಿಕ್ಕವರಿದ್ದಾಗ ಜಾತ್ರೆಗೆ ಬೆಳಕು ಹರಿಯುವ ಮುಂಚೆ ಗಾಡಿ ಕಟ್ಟಿಕೊಂಡು ಹೋದರೆ ಬರುತ್ತಿದ್ದುದು ಮರುದಿನ. ಬುತ್ತಿ ಗಂಟು ಹೊತ್ತು ಹೋಗುತ್ತಿದ್ದೆವು. ಯಾರೂ ‘ಮಗುವಿಗೆ ಸುಸ್ತಾಯ್ತು’ ಅನ್ನಲಿಲ್ಲ. ಮಕ್ಕಳು ಸ್ವಲ್ಪ ಬಿಸಿಲು, ಸ್ವಲ್ಪ ಕಾಯುವುದು, ಸ್ವಲ್ಪ ಬೇಜಾರು ಎಲ್ಲಾ ಕಲಿಯಬೇಕು. ಗಡಿಯಾರ ಹಿಡಿದು ಸುತ್ತಿದರೆ ಅದು ಆಸ್ಪತ್ರೆ ಭೇಟಿ ಸಮಯ ಇದ್ದ ಹಾಗೆ.

ಇಬ್ಬರ ಅಮ್ಮ

ತೇರುಬೀದಿಯವರೇ, ಆ ಜಾತ್ರೆಗೆ ಹೋದಾಗ ಗಾಡಿ ಅಲ್ಲೇ ಇರುತ್ತಿತ್ತು ಅಲ್ವಾ? ಹುಲ್ಲು ಹಾಸಿರುತ್ತಿತ್ತು. ನಿದ್ದೆ ಬಂದ ಮಗು ಗಾಡಿಯಲ್ಲಿ ಮಲಗುತ್ತಿತ್ತು. ನೋಡಿಕೊಳ್ಳಲು ಅತ್ತೆ, ಚಿಕ್ಕಮ್ಮ, ಅಕ್ಕಂದಿರು ಅಂತ ಹತ್ತು ಜನ. ಇಲ್ಲಿ ನಾವಿಬ್ಬರೇ. ಚಿಕ್ಕವಳು ಮಲಗಿದರೆ ನನ್ನ ಹೆಗಲೇ ಗಾಡಿ.

ತೇರುಬೀದಿ

ಅದು ನಿಜ. ಒಪ್ಪಿದೆ. ಆದರೂ ಪೂರ್ತಿ ಒಪ್ಪಿಲ್ಲ, ಆಮೇಲೆ ಬರುತ್ತೇನೆ.

ಹೊಲಿಗೆ ಮಿಷನ್

ನಾನು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವಳು. ವಾರಕ್ಕೆ ಒಂದೇ ರಜೆ. ಆ ದಿನ ಬಟ್ಟೆ ಒಗೆಯಬೇಕು, ರೇಷನ್ ತರಬೇಕು, ತಲೆಗೆ ಎಣ್ಣೆ ಹಚ್ಚಬೇಕು. ಆದ್ದರಿಂದ ನಮ್ಮ ಸುತ್ತಾಟ ಮೊದಲಿಂದಲೂ ಚಿಕ್ಕದೇ. 300 ರೂಪಾಯಿ ಅಂದರೆ ನಮಗೆ ಹಬ್ಬದ ಲೆಕ್ಕ.

ನಾವು ಬಸ್ಸಿಗೆ ಹೋಗುತ್ತೇವೆ. ಬಸ್ಸಲ್ಲಿ ಎಲ್ಲಿಗೂ ಅಲ್ಲ. ಬಸ್ಸಿಗೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೂ ಮಗಳಿಗೂ ಟಿಕೆಟ್ ಇಲ್ಲ, ಆಧಾರ್ ತೋರಿಸಿದರೆ ಆಯಿತು. ಮಗನಿಗೆ ಅರ್ಧ ಟಿಕೆಟ್. ಎಸಿ ಬಸ್ಸು ಬಿಟ್ಟು ಸಾದಾ ಬಸ್ಸು ಹತ್ತಬೇಕು ಅಷ್ಟೇ. ಡಿಪೋ ಹತ್ತಿರದ ಸ್ಟಾಪಲ್ಲಿ ಹತ್ತಿದರೆ ಖಾಲಿ ಇರುತ್ತದೆ. ಮುಂದಿನ ಸೀಟು ಸಿಗುತ್ತದೆ. ಡ್ರೈವರ್ ಗೇರ್ ಹಾಕುವುದು, ವೈಪರ್ ಆಡುವುದು, ಎದುರಿಂದ ಬರುವ ಬಸ್ಸಿನ ಡ್ರೈವರ್‌ಗೆ ಕೈ ಎತ್ತುವುದು, ಎಲ್ಲಾ ಕಾಣುತ್ತದೆ. ನನ್ನ ಮಗ ಈಗ ಯಾವ ಡ್ರೈವರ್ ಯಾರಿಗೆ ಕೈ ಎತ್ತುತ್ತಾರೆ ಅಂತ ಎಣಿಸುತ್ತಾನೆ. ಒಂದು ಸಲ 23 ಆಯಿತು.

ಕೊನೆ ಸ್ಟಾಪಲ್ಲಿ ಇಳಿಯುತ್ತೇವೆ. ಅಲ್ಲಿ ಏನಿದೆಯೋ ಅದೇ ಜಾಗ. ಒಂದು ಸಲ ಕೆರೆ ಇತ್ತು. ಒಂದು ಸಲ ಬರೀ ಹೊಲ. ಒಂದು ಸಲ ಸಂತೆ ನಡೆಯುತ್ತಿತ್ತು, ಸೊಪ್ಪು ಕಡಿಮೆಗೆ ಸಿಕ್ಕಿತು, ಅದನ್ನೇ ತಂದು ರಾತ್ರಿ ಬಸ್ಸಾರು ಮಾಡಿದೆ. ಮಕ್ಕಳು ಬಸ್ಸಲ್ಲಿ ಹೋಗಿದ್ದಕ್ಕೇ ಬಸ್ಸಾರು ಅಂತ ನಕ್ಕರು. ತಲಾ ಒಂದು ಟೀ, ಬನ್ನು, ಅದೇ ಬಸ್ಸಲ್ಲಿ ವಾಪಸ್. ಎರಡೂವರೆ ಗಂಟೆ. 60 ರೂಪಾಯಿ ದಾಟಿದ್ದು ಕಡಿಮೆ.

ಬಾಲ್ಕನಿ ಟಿಕೆಟ್

ಕೊನೆ ಸ್ಟಾಪಲ್ಲಿ ಏನಿದೆಯೋ ಅದೇ ಜಾಗ! ಇದನ್ನ ಈ ವಾರವೇ ಮಾಡುತ್ತೇನೆ.

ಮೆಟ್ರೋದಲ್ಲೂ ಹೀಗೇ ಮಾಡಬಹುದು. 3 ಅಡಿಗಿಂತ ಗಿಡ್ಡ ಇರುವ ಮಕ್ಕಳಿಗೆ ದೊಡ್ಡವರ ಜೊತೆ ಟಿಕೆಟ್ ಇಲ್ಲ. ನಾವು ಹಳದಿ ಮಾರ್ಗ ಶುರುವಾದ ಮೇಲೆ ಆರ್‌ವಿ ರಸ್ತೆಯಲ್ಲಿ ಹತ್ತಿ ಸಿಲ್ಕ್ ಬೋರ್ಡ್ ತನಕ ಹೋಗಿ ಬಂದೆವು. ಕೆಳಗೆ ಒಂದು ರಸ್ತೆ, ಅದರ ಮೇಲೆ ಇನ್ನೊಂದು ರಸ್ತೆ, ಅದರ ಮೇಲೆ ನಾವು. ಇಷ್ಟು ವರ್ಷ ಆ ಜಾಮ್‌ನಲ್ಲಿ ಕೂತು ಬೈದುಕೊಂಡವನು ನಾನು. ಅದನ್ನ ಮೇಲಿಂದ ನೋಡುವಾಗ ಮಕ್ಕಳಿಗಿಂತ ನನಗೇ ಖುಷಿ ಜಾಸ್ತಿ.

ಆದರೆ ಮೆಟ್ರೋ ದರ 2025ರಲ್ಲಿ ಏರಿದ ಮೇಲೆ ನಾಲ್ಕು ಜನ ಉದ್ದಕ್ಕೆ ಹೋಗಿ ಬಂದರೆ 300ರ ಲೆಕ್ಕ ತಪ್ಪುತ್ತದೆ. ನಾಲ್ಕೈದು ಸ್ಟೇಷನ್ ಸಾಕು.

ಕಡಲ ಕಿನಾರೆ

ಮಂಗಳೂರಿನಿಂದ. ನಮಗೆ ಕಡಲು ಬಿಟ್ಟಿ. ಆದರೆ ಬೀಚ್‌ನಿಂದ ಮಗುವನ್ನು ಎಬ್ಬಿಸಿ ತರುವುದು ಬಿಟ್ಟಿ ಅಲ್ಲ. ಅದಕ್ಕೆ ಚುರುಮುರಿ, ಐಸ್ ಕ್ಯಾಂಡಿ, ಕುದುರೆ ಸವಾರಿ ಅಂತ ಲಂಚ ಕೊಡಬೇಕಾಗುತ್ತದೆ.

ಎರಡು ವರ್ಷ ಒದ್ದಾಡಿದ ಮೇಲೆ ಕಂಡುಕೊಂಡಿದ್ದು: ಸೂರ್ಯನನ್ನೇ ಗಡಿಯಾರ ಮಾಡಿಕೊಳ್ಳುವುದು. ಸಂಜೆ ಐದಕ್ಕೆ ಹೋಗುತ್ತೇವೆ. ‘ಸೂರ್ಯ ನೀರಿಗೆ ಬಿದ್ದ ಮೇಲೆ ಮನೆ’ ಅಂತ ಮೊದಲೇ ಮಾತು. ನಾನು ‘ಸಾಕು ಬಾ’ ಅಂದರೆ ಜಗಳ. ಸೂರ್ಯ ಹೋದರೆ ಜಗಳ ಇಲ್ಲ. ಸೂರ್ಯನ ಜೊತೆ ಯಾರು ಜಗಳ ಆಡುತ್ತಾರೆ? ಕೊನೆ ಕೆಂಪು ಚೂರು ಮುಳುಗುವಾಗ ನನ್ನ ಮಗಳು ತಾನೇ ‘ಟಾಟಾ’ ಅಂದು ಚಪ್ಪಲಿ ಹುಡುಕುತ್ತಾಳೆ. ಮೋಡ ಕವಿದ ದಿನ ಮಾತ್ರ ನಾವು ಕೆಟ್ಟೆವು. ಅವತ್ತು ಸೂರ್ಯ ಮುಳುಗಿದ್ದನ್ನು ಸಾಬೀತು ಮಾಡಬೇಕು.

ಮರಳಿಗೆ ಒಂದು ಉಪಾಯ. ಒಂದು ಡಬ್ಬಿ ಬೇಬಿ ಪೌಡರ್ ಇಟ್ಟುಕೊಳ್ಳಿ. ಒಣಗಿದ ಕಾಲಿಗೆ ಹಾಕಿ ತಿಕ್ಕಿದರೆ ಮರಳು ತಾನೇ ಉದುರುತ್ತದೆ. ನಲ್ಲಿ ಹತ್ತಿರ ಸಾಲಿನಲ್ಲಿ ನಿಲ್ಲುವ ಇಪ್ಪತ್ತು ನಿಮಿಷ ಉಳಿಯುತ್ತದೆ. ಮಳೆಗಾಲದಲ್ಲಿ ಮಾತ್ರ ನೀರಿನ ಹತ್ತಿರವೂ ಬೇಡ. ಜೂನ್‌ನಿಂದ ಕಡಲ ಸ್ವಭಾವವೇ ಬೇರೆ.

ತೇರುಬೀದಿಯವರಿಗೆ ಒಂದು ಮಾತು. ನಮ್ಮಲ್ಲಿ ರಾತ್ರಿಯಿಡೀ ಆಡುತ್ತಿದ್ದ ಯಕ್ಷಗಾನವೇ ಈಗ ಎಷ್ಟೋ ಕಡೆ ಕಾಲಮಿತಿ ಆಗಿದೆ. ಮಹಿಷಾಸುರನೇ ಮಧ್ಯರಾತ್ರಿಯೊಳಗೆ ಮನೆಗೆ ಹೋಗುತ್ತಾನೆ, ನಮ್ಮ ಮಕ್ಕಳೇನು? ಹರಕೆ ಬಯಲಾಟಕ್ಕೆ ಟಿಕೆಟ್ಟೂ ಇಲ್ಲ. ಸಂಜೆ ಹೋಗಿ ಚೌಕಿಯ ಹತ್ತಿರ ನಿಂತರೆ ಬಣ್ಣ ಹಚ್ಚುವುದನ್ನು ನೋಡಬಹುದು. ಅಕ್ಕಿ ಹಿಟ್ಟಿನ ಚಿಟ್ಟಿ, ಅಂದರೆ ಮುಳ್ಳಿನಂಥ ಚುಕ್ಕೆ, ಒಂದೊಂದೇ ಮುಖದ ಮೇಲೆ ಏಳುವುದನ್ನು ನೋಡುತ್ತಾ ನನ್ನ ಮಗಳು ಮುಕ್ಕಾಲು ಗಂಟೆ ಅಲುಗಾಡಲಿಲ್ಲ. ಆಟ ಶುರುವಾಗಿ ಅರ್ಧ ಗಂಟೆಗೆ ಮಲಗಿಬಿಟ್ಟಳು. ಎತ್ತಿಕೊಂಡು ಬಂದೆವು. ಅವಳ ಪಾಲಿನ ಯಕ್ಷಗಾನ ಅಷ್ಟು.

ನೀಲಿ ಛತ್ರಿ

ನನ್ನ ಮಗನಿಗೆ ಆಟಿಸಂ ಇದೆ. ವಯಸ್ಸು ಒಂಬತ್ತು. ನಮಗೆ ಚಿಕ್ಕ ಸುತ್ತಾಟ ಅಂದರೆ ಆಯ್ಕೆ ಅಲ್ಲ, ಬೇರೆ ದಾರಿಯೇ ಇಲ್ಲ. ಶಬ್ದ ಜಾಸ್ತಿ ಆದರೆ ಅವನು ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂರುತ್ತಾನೆ. ಸುತ್ತ ಜನ ನಿಲ್ಲುತ್ತಾರೆ. ‘ಎರಡು ಬಿಡಿ, ಸರಿ ಹೋಗ್ತಾನೆ’ ಅಂದವರೂ ಇದ್ದಾರೆ.

ನಾವು ಮಾಡುವುದು ಇಷ್ಟು. ಹೋಗುವ ಜಾಗದ ಫೋಟೋ ಹಿಂದಿನ ರಾತ್ರಿ ತೋರಿಸುತ್ತೇವೆ. ಗೇಟು, ಒಳಗಿನ ದಾರಿ, ತಿಂಡಿ ಅಂಗಡಿ, ವಾಪಸ್ ಬರುವ ಆಟೋ, ನಾಲ್ಕು ಚಿತ್ರ. ಆಟೋ ಚಿತ್ರ ಬಹಳ ಮುಖ್ಯ. ಇದಕ್ಕೆ ಕೊನೆ ಇದೆ ಅಂತ ಅವನಿಗೆ ಗೊತ್ತಾಗಬೇಕು. ಸಾಧ್ಯವಾದರೆ ವಾರದ ನಡುವೆ, ಬೆಳಿಗ್ಗೆ ತೆರೆದ ತಕ್ಷಣ ಹೋಗುತ್ತೇವೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ನಾವು ಎಷ್ಟು ಸಲ ಹೋಗಿದ್ದೇವೋ ಲೆಕ್ಕ ಇಲ್ಲ. ಪ್ರತಿ ಸಲವೂ ಅವನು ನೋಡುವುದು ಎಂಜಿನ್‌ಗಳನ್ನು ಮಾತ್ರ. ಮೇಲಿನ ಮಹಡಿಗಳಲ್ಲಿ ಏನಿದೆ ಅಂತ ನನಗೇ ಸರಿಯಾಗಿ ನೆನಪಿಲ್ಲ. ಒಂದು ಸಲ ಅಲ್ಲಿನ ಕಾವಲಿನವರು, ‘ಸಾರ್, ಡೈನೋಸಾರ್ ಕೂಡ ಇದೆ, ತೋರಿಸಿ’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ‘ಮುಂದಿನ ಸಲ’ ಅಂದೆ. ನಾಲ್ಕು ವರ್ಷದಿಂದ ಮುಂದಿನ ಸಲ ಅನ್ನುತ್ತಿದ್ದೇನೆ.

40 ನಿಮಿಷ. ಹೊರಗೆ ಬಂದು ಮರದ ಕೆಳಗೆ ಮೊಸರನ್ನದ ಡಬ್ಬಿ. ಮನೆ. ನಮಗೆ ಅದೇ ಒಳ್ಳೆಯ ದಿನ.

ಇಬ್ಬರ ಅಮ್ಮ

ನಾಲ್ಕನೇ ಚಿತ್ರ ನಾನೂ ಬರೆದುಕೊಂಡೆ. ನನ್ನ ಮಕ್ಕಳಿಗೂ ಬೇಕಿರುವುದು ಅದೇ. ಥ್ಯಾಂಕ್ಸ್.

ಗುಮ್ಮಟದೂರು

ವಿಜಯಪುರದಿಂದ ನಮಸ್ಕಾರ್ರೀ. ಎಲ್ಲಾರೂ ಬರೀ ಬೆಂಗಳೂರು ಬೆಂಗಳೂರು ಅಂತೀರಿ, ಅದಕ್ಕ ಬಂದೆ.

ಪುರಾತತ್ವ ಇಲಾಖೆಯ, ಅಂದರೆ ಎಎಸ್‌ಐ ನೋಡಿಕೊಳ್ಳುವ ಸ್ಮಾರಕಗಳಲ್ಲಿ 15 ವರ್ಷದ ಒಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅಂದರೆ ಗೋಳಗುಮ್ಮಟಕ್ಕೆ ಟಿಕೆಟ್ ಬೇಕಾಗಿರುವುದು ಅಪ್ಪ ಅಮ್ಮಗೆ ಮಾತ್ರ. ಬೆಳಿಗ್ಗೆ ಬೇಗ ಹೋಗಬೇಕು. ಶಾಲಾ ಪ್ರವಾಸದ ಬಸ್ಸುಗಳು ಬಂದವು ಅಂದರೆ ಮುಗಿಯಿತು. ಮುನ್ನೂರು ಹುಡುಗರು ಒಟ್ಟಿಗೆ ಕೂಗಿದರೆ ಮರುದನಿ ಅಲ್ಲ, ಸಿಡಿಲು.

ಮೂಲೆಯ ಗೋಪುರದ ಒಳಗೆ ಏಳು ಅಂತಸ್ತು ಮೆಟ್ಟಿಲು. ಕಡಿದಾಗಿವೆ. ನಾಲ್ಕು ವರ್ಷದ ಮಗುವನ್ನು ಹೊತ್ತೇ ಹತ್ತಬೇಕು, ಅದು ಈಗಲೇ ತಿಳಿದಿರಲಿ. ಮೇಲೆ ಗುಮ್ಮಟದ ಸುತ್ತ ಪಿಸುಮಾತಿನ ಮೊಗಸಾಲೆ. ಒಂದು ಬದಿಗೆ ನಾನು, ಎದುರು ಬದಿಗೆ ಮಗಳು. ನಡುವೆ ಸುಮಾರು 40 ಮೀಟರ್ ಖಾಲಿ ಜಾಗ. ನಾನು ಗೋಡೆಗೆ ಬಾಯಿ ಹಚ್ಚಿ ‘ಪೇಡೆ ಬೇಕಾ?’ ಅಂತ ಪಿಸುಗುಟ್ಟಿದೆ. ಅಲ್ಲಿಂದ ‘ಎರಡು ಬೇಕು’ ಅಂತ ಬಂತು. ನನ್ನ ಕಿವಿಯಲ್ಲೇ ಹೇಳಿದ ಹಾಗೆ. ಬೆವರಿನಲ್ಲಿ ಹತ್ತಿದ್ದೆಲ್ಲಾ ಮರೆತುಹೋಯಿತು. ಸುಳ್ಳು ಹೇಳಲಾಗಲಿಲ್ಲ, ಎರಡು ಪೇಡೆ ಕೊಡಿಸಿದೆ.

ಇಳಿದು ಹೊರಗೆ ಬಂದರೆ ಟಾಂಗಾ. ಮೊದಲೇ ರೇಟು ಮಾತಾಡಿ ಮಲಿಕ್-ಎ-ಮೈದಾನ್ ತೋಪಿನ (ಫಿರಂಗಿ) ತನಕ ಹೋದರೆ ಸಾಕು. 55 ಟನ್ ತೂಕದ ತೋಪು. ಬಾಯಿಯ ಹತ್ತಿರ ಸಿಂಹ ಆನೆಯನ್ನು ಕಚ್ಚಿ ಹಿಡಿದ ಕೆತ್ತನೆ ಇದೆ, ಅದನ್ನು ಮಕ್ಕಳು ತಾವೇ ಹುಡುಕಲಿ, ನೀವು ಹೇಳಬೇಡಿ. ಇಬ್ರಾಹಿಂ ರೋಜಾ ಇನ್ನೊಂದು ದಿನಕ್ಕೆ ಇರಲಿ. ನೆಂಟರು ಬಂದಾಗ ಒಂದೇ ದಿನ ಎಲ್ಲಾ ತೋರಿಸಲು ಹೋಗಿ, ಮೂರನೆಯ ಜಾಗದಲ್ಲಿ ಮಕ್ಕಳು ಗೋರಿ ಕಂಡರೆ ಓಡಿಹೋಗುವ ಹಾಗೆ ಆಗಿತ್ತು. ನಮ್ಮೂರಾಗ ಗೋರಿಗೇನು ಬರಗಾಲ ಇಲ್ಲರೀ.

ಥೇಮ್ಸ್ ದಂಡೆ

ಲಂಡನ್‌ನಲ್ಲಿರುವ ದಾವಣಗೆರೆಯವಳು. ಇಲ್ಲಿ ಸೈನ್ಸ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಎರಡಕ್ಕೂ ಪ್ರವೇಶ ಉಚಿತ. 11ರ ಒಳಗಿನ ಮಕ್ಕಳಿಗೆ ಬಸ್ಸೂ ಉಚಿತ. ಆದರೂ ನಾವು ಮೊದಲ ವರ್ಷ ಮಾಡಿದ್ದು ಅದೇ ‘ವಸೂಲ್’. ಬಿಟ್ಟಿ ಇದ್ದಾಗಲೂ ವಸೂಲ್ ಬುದ್ಧಿ ಬಿಡುವುದಿಲ್ಲ ನೋಡಿ! ‘ಇಷ್ಟು ದೂರ ರೈಲಲ್ಲಿ ಬಂದಿದ್ದೀವಿ’ ಅಂತ ಐದು ಗಂಟೆ ಸುತ್ತಿಸಿ, ಕೊನೆಗೆ ಅಂಗಡಿಯಲ್ಲಿ 20 ಪೌಂಡ್ ಕೊಟ್ಟು ರಬ್ಬರ್ ಡೈನೋಸಾರ್ ತಂದೆವು. ಈಗ ಒಂದು ಹಾಲ್ ನೋಡಿ ಪಾರ್ಕಲ್ಲಿ ಚಪಾತಿ ಪಲ್ಯ ತಿಂದು ಬರುತ್ತೇವೆ. ಡಿಎಲ್‌ಆರ್ ಅಂತ ಡ್ರೈವರ್ ಇಲ್ಲದ ರೈಲಿದೆ. ಮುಂದಿನ ಸೀಟು ಸಿಕ್ಕರೆ ಮಗನೇ ಡ್ರೈವರ್. ಹೊಲಿಗೆ ಮಿಷನ್ ಅವರ ಬಸ್ಸಿನ ಕಥೆ ಓದಿ ಅದೇ ನೆನಪಾಯಿತು.

ತಾತನ ಕೋಲು

ಮೈಸೂರು. ನನಗೆ 71. ಮೊಮ್ಮಗನಿಗೆ 5. ಇಬ್ಬರ ಬ್ಯಾಟರಿಯೂ ಒಂದೇ ಹೊತ್ತಿಗೆ ಮುಗಿಯುತ್ತದೆ, ಆದ್ದರಿಂದ ನಮ್ಮ ಜೋಡಿ ಚೆನ್ನಾಗಿದೆ.

ಝೂಗೆ ಹೋಗುವವರಿಗೆ ಒಂದು ಮಾತು. ಮಂಗಳವಾರ ರಜೆ. ಪೂರ್ತಿ ಸುತ್ತಿದರೆ ಮೂರು ಕಿಲೋಮೀಟರ್ ಹತ್ತಿರ ಬರುತ್ತದೆ, ನಡುವೆ ಶಾರ್ಟ್‌ಕಟ್ ಸಿಗುವುದು ಕಷ್ಟ. ಜಿರಾಫೆ ಶುರುವಿನಲ್ಲೇ ಇದೆ. ನನ್ನ ಮಗಳು ಚಿಕ್ಕವಳಿದ್ದಾಗ ಆನೆ ತನಕ ಹೋಗುವಷ್ಟರಲ್ಲಿ ಹೆಗಲ ಮೇಲೆ ಮಲಗಿದ್ದಳು. ಎದ್ದ ಮೇಲೆ ಆನೆ ನೋಡಲಿಲ್ಲ ಅಂತ ಎರಡು ದಿನ ಅತ್ತಳು. ಈಗ ಅವಳಿಗೆ 38. ಇನ್ನೂ ಹೇಳುತ್ತಾಳೆ.

ನಾನು ಮೊಮ್ಮಗನಿಗೆ ಮಾಡುವುದು ಬೇರೆ. ಭಾನುವಾರ ಸಂಜೆ ಅರಮನೆ ದೀಪ. ಏಳಕ್ಕೆ ಹಚ್ಚುತ್ತಾರೆ. ಆ ಹೊತ್ತಿಗೆ ಆವರಣದೊಳಗೆ ಹೋಗಲು ದುಡ್ಡಿಲ್ಲ. ಆರೂವರೆಗೆ ಹೋಗಿ ಜಾಗ ಹಿಡಿದು ನಿಂತುಕೊಳ್ಳುತ್ತೇವೆ. ಕತ್ತಲಾಗುತ್ತಾ ಬರುತ್ತದೆ. ಅವನು ‘ಈಗಾ? ಈಗಾ?’ ಅಂತ ಕೇಳುತ್ತಲೇ ಇರುತ್ತಾನೆ. ಕಾಯುವುದೇ ಅರ್ಧ ಆಟ. ಆಮೇಲೆ ಒಂದೇ ಏಟಿಗೆ ಸುಮಾರು ಒಂದು ಲಕ್ಷ ಬಲ್ಬು. ಜನ ‘ಹೋ’ ಅನ್ನುತ್ತಾರೆ. ಇಷ್ಟು ವರ್ಷ ನೋಡಿದ ನಾನೂ ಅನ್ನುತ್ತೇನೆ. ಹೋದ ತಿಂಗಳು ಮೊಮ್ಮಗ ಹಿಂದೆ ತಿರುಗಿ ನಿಂತಿದ್ದ. ‘ಅಲ್ಲಿ ನೋಡೋ’ ಅಂದರೆ, ‘ತಾತ, ಎಲ್ಲಾರ ಮುಖ ಹಳದಿ ಆಯ್ತು’ ಅಂದ. ನಾನು ಅದನ್ನ ಗಮನಿಸಿಯೇ ಇರಲಿಲ್ಲ. ತಿರುಗಿ ನೋಡಿದೆ, ಹೌದು, ಅಷ್ಟೂ ಜನ ಹಳದಿ.

ಅರ್ಧ ಗಂಟೆ ನಿಂತು ಹೊರಡುತ್ತೇವೆ. ಮುಗಿಯುವ ತನಕ ನಿಂತರೆ ಗೇಟಲ್ಲಿ ನೂಕಾಟ. ಮಸಾಲೆ ಪುರಿ ಒಂದು ಪ್ಲೇಟು, ಇಬ್ಬರಿಗೆ. ಖಾರ ಆದರೆ ಅವನ ಪಾಲೂ ನನ್ನದೇ.

ಲೆಕ್ಕದ ಪುಸ್ತಕ

ಖರ್ಚು ನಿಜವಾಗಿ ಎಲ್ಲಿ ಆಗುತ್ತದೆ ಅಂತ ನಾನು ಮೂರು ತಿಂಗಳು ಬರೆದಿಟ್ಟೆ. ಹೆಸರೇ ಅದಲ್ವಾ. ನಮ್ಮ ಮನೆಯಲ್ಲಿ ಟಿಕೆಟ್‌ಗಿಂತ ತಿನ್ನುವುದಕ್ಕೇ ಜಾಸ್ತಿ ಹೋಗುತ್ತಿತ್ತು. ಅದರಲ್ಲೂ ನೀರಿನ ಬಾಟಲಿ. ನಾಲ್ಕು ಜನ, ಬೇಸಿಗೆ, ಐದಾರು ಬಾಟಲಿ. ಈಗ ಮನೆಯಿಂದ ಎರಡು ದೊಡ್ಡ ಬಾಟಲಿ, ಒಂದು ಡಬ್ಬಿ ಚುರುಮುರಿ, ನಾಲ್ಕು ಬಾಳೆಹಣ್ಣು. ‘ಕೊಡಿಸುವುದು ಒಂದೇ ಸಲ, ಏನು ಅಂತ ನೀನೇ ಹೇಳು’ ಅಂತ ಹೊರಡುವಾಗಲೇ ಒಪ್ಪಂದ. ಮಕ್ಕಳು ಆ ಒಂದನ್ನು ಆರಿಸಲು ಇಡೀ ಸುತ್ತಾಟ ತಲೆ ಕೆಡಿಸಿಕೊಳ್ಳುತ್ತಾರೆ. ಬೇರೇನೂ ಕೇಳಲು ಪುರಸೊತ್ತೇ ಇರುವುದಿಲ್ಲ.

ಇನ್ನೊಂದು. ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲು, ಎಲ್ಲಾದರೂ ದೋಣಿ, ಇಂಥದ್ದನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ. ಅವತ್ತೇ ರಿಪೇರಿ ಇರುತ್ತದೆ. ಓಡುತ್ತಿದ್ದರೆ ಅದು ಬಹುಮಾನ. ಓಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಬಾಲ್ಕನಿ ಟಿಕೆಟ್

ಒಂದು ಬಿಟ್ಟುಹೋಯಿತು. ರೈಲ್ವೆ ಪ್ಲಾಟ್‌ಫಾರಂ ಟಿಕೆಟ್. ಸಾಮಾನ್ಯ ದಿನಗಳಲ್ಲಿ 10 ರೂಪಾಯಿ. ಅದರ ಅವಧಿಯೇ ಎರಡು ಗಂಟೆ! ರೈಲ್ವೆಯವರೇ ಸುತ್ತಾಟ ಚಿಕ್ಕದಾಗಿಡಲು ಕಾನೂನು ಮಾಡಿಟ್ಟಿದ್ದಾರೆ. ‘ಟಿಕೆಟ್ ಮುಗಿದರೆ ಟಿಸಿ ಹಿಡಿಯುತ್ತಾರೆ’ ಅಂದರೆ ಮಕ್ಕಳೇ ಕೈ ಹಿಡಿದು ಎಳೆದು ತರುತ್ತಾರೆ. ಹಬ್ಬದ ಜನಜಂಗುಳಿ ಇರುವಾಗ ಬೇಡ, ಆಗ ಟಿಕೆಟ್ ಕೊಡುವುದೂ ಕಷ್ಟ.

ತೇರುಬೀದಿ

ಬಂದೆ. ಎಲ್ಲಾ ಓದಿದೆ. ಬಸ್ಸು, ಗುಮ್ಮಟ, ಅರಮನೆ ಎಲ್ಲಾ ಸರಿ. ಆದರೂ ವರ್ಷಕ್ಕೆ ಒಂದು ಸಲ ಉದ್ದದ್ದು ಬೇಕು ಅಂತಲೇ ನನ್ನ ಮಾತು. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ. ಕಾರ್ತಿಕ ಮಾಸದ ಕೊನೆಯ ಸೋಮವಾರ. ಒಳಗೆ ಬರಲು ದುಡ್ಡಿಲ್ಲ. ಒಂದು ಸೇರು ಕಡಲೆಕಾಯಿ ತಗೊಂಡು ಸಿಪ್ಪೆ ಬಿಡಿಸುತ್ತಾ ನಡೆಯಿರಿ. ಕೈಗೂ ಬಾಯಿಗೂ ಕೆಲಸ ಇದ್ದರೆ ಮಕ್ಕಳು ಎಷ್ಟು ಹೊತ್ತು ಬೇಕಾದರೂ ನಡೆಯುತ್ತಾರೆ. ಅಲ್ಲಿ ಎರಡು ಗಂಟೆಯಲ್ಲಿ ವಾಪಸ್ ಬಂದವರನ್ನು ನಾನು ನೋಡಿಲ್ಲ.

ಹೊಲಿಗೆ ಮಿಷನ್

ಪರಿಷೆಗೆ ಸಂಜೆ ಕೆಲಸ ಬಿಟ್ಟ ಮೇಲೆ ಹೋಗುವವರು ನಾವು. ಒಂದೂವರೆ ಗಂಟೆಯಲ್ಲಿ ವಾಪಸ್ ಬಂದಿದ್ದೇವೆ. ಈಗ ನೋಡಿದಿರಲ್ಲ.

ತೇರುಬೀದಿ

ಸೋತೆ ತಾಯಿ.

ಇಬ್ಬರ ಅಮ್ಮ

ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಪ್ಲಾಟ್‌ಫಾರಂ ಟಿಕೆಟ್ಟೇ ಆರಿಸಿಕೊಂಡೆವು. ಯಶವಂತಪುರ, ಭಾನುವಾರ ಬೆಳಿಗ್ಗೆ. ಹಿಂದಿನ ರಾತ್ರಿ ನಾಲ್ಕು ಚಿತ್ರ ತೋರಿಸಿದೆ. ಸ್ಟೇಷನ್, ರೈಲು, ಇಡ್ಲಿ, ಮನೆ ಬಾಗಿಲು.

ಯಜಮಾನರು ‘ರೈಲು ಹತ್ತಲ್ಲ, ಬರೀ ನೋಡೋದಾ?’ ಅಂತ ಗೊಣಗುತ್ತಲೇ ಬಂದರು. ಮೊದಲ ಹದಿನೈದು ನಿಮಿಷ ಏನೂ ಆಗಲಿಲ್ಲ. ಖಾಲಿ ಹಳಿ, ಒಂದು ನಾಯಿ. ನನಗೂ ಭಯ ಆಯಿತು. ಆಮೇಲೆ ಎದುರಿನ ಪ್ಲಾಟ್‌ಫಾರಂನಲ್ಲಿ ನಿಂತ ಒಂದು ರೈಲಿಗೆ ನೀರು ತುಂಬಲು ಶುರು ಮಾಡಿದರು. ಇಬ್ಬರು ಉದ್ದದ ಪೈಪು ಹಿಡಿದು ಬೋಗಿಯಿಂದ ಬೋಗಿಗೆ ಹೋಗುತ್ತಾರೆ. ತುಂಬಿದ ಮೇಲೆ ನೀರು ಹೊರಗೆ ಚಿಮ್ಮುತ್ತದೆ. ಆಗ ಪೈಪು ಕಿತ್ತು ಮುಂದಿನದಕ್ಕೆ. ಚಿಕ್ಕವಳು ಚಿಮ್ಮಿದಾಗೆಲ್ಲಾ ‘ತುಂಬ್ತು!’ ಅಂತ ಕೂಗಿದಳು. ಮೂರನೆಯ ಬೋಗಿ ಹೊತ್ತಿಗೆ ಆ ಪೈಪಿನವರಿಗೂ ಕೇಳಿಸಿತು. ಒಬ್ಬರು ಇವಳ ಕಡೆ ನೋಡಿ, ಪೈಪು ಹಾಕಿ, ಕಾದು, ಚಿಮ್ಮುವ ಮುಂಚೆ ಕೈ ಎತ್ತಿದರು. ಇವಳು ಆಗಲೇ ಕೂಗಬೇಕು ಅನ್ನುವ ಹಾಗೆ. ಹೀಗೇ ಕೊನೆಯ ಬೋಗಿ ತನಕ ನಡೆಯಿತು. ದೊಡ್ಡವನು ಬೋಗಿಗಳನ್ನು ಎಣಿಸಿದ. ಅಪ್ಪ 22 ಅಂದರು, ಅವನು 21 ಅಂದ, ಇಬ್ಬರೂ ಪ್ಲಾಟ್‌ಫಾರಂ ತುದಿಯವರೆಗೆ ನಡೆದು ಮತ್ತೆ ಎಣಿಸಿದರು.

ರೈಲು ಹೊರಟ ಮೇಲೆ ಚಿಕ್ಕವಳು ಇನ್ನೊಂದು ಬೇಕು ಅಂದಳು. ಟಿಕೆಟ್ ತೋರಿಸಿ, ಇನ್ನು ಇಪ್ಪತ್ತೇ ನಿಮಿಷ ಅಂದೆ. ಇಡ್ಲಿ ನೆನಪಾಯಿತು. ತಾನಾಗೇ ನಡೆದು ಬಂದಳು.

ಲೆಕ್ಕದ ಪುಸ್ತಕದವರಿಗಾಗಿ ಲೆಕ್ಕ: ಪ್ಲಾಟ್‌ಫಾರಂ ಟಿಕೆಟ್ ಮೂರು, 30. ಬಸ್ಸು ಹೋಗಿ ಬರಲು ಅಪ್ಪ ಮಗನಿಗೆ 45. ಇಡ್ಲಿ ವಡೆ ಕಾಫಿ 150. ಒಪ್ಪಂದದ ‘ಒಂದೇ ಒಂದು’ ಕಡಲೆಮಿಠಾಯಿ, ಇಬ್ಬರಿಗೂ ಸೇರಿ 20. ಒಟ್ಟು 245. ಎರಡು ಗಂಟೆ ಐವತ್ತು ನಿಮಿಷ.

ಲೆಕ್ಕದ ಪುಸ್ತಕ

ಬೋಗಿ 21ಓ 22ಓ?

ಇಬ್ಬರ ಅಮ್ಮ

ಇನ್ನೂ ತೀರ್ಮಾನ ಆಗಿಲ್ಲ. ಮುಂದಿನ ಭಾನುವಾರ ಮತ್ತೆ ಹೋಗಬೇಕಂತೆ. ಕೇಳುತ್ತಿರುವುದು ಮಕ್ಕಳಲ್ಲ, ಅವರಪ್ಪ.